ಅಷ್ಟೂರಿಗೆ ನಡೆದು ಹೋಗುವವರು

ಬೀದರಿನ ಕೋಟೆಯನ್ನು ನಲವತ್ತು ನಿಮಿಷಗಳಲ್ಲಿ ನೋಡಿ ಮುಗಿಸಿದವರನ್ನು ನಾನು ಬಲ್ಲೆ. ಅವರು ನನ್ನ ಬಂಧುಗಳೇ. ಬೆಳಿಗ್ಗೆ ಹೈದರಾಬಾದಿನಿಂದ ಕಾರಿನಲ್ಲಿ ಹೊರಟು, ಗುಂಬದ್ ದರವಾಜೆಯ ಒಳಗೆ ಇಳಿದು, ರಂಗೀನ್ ಮಹಲಿನ ಮುಂದೆಯೂ ಸೋಲಾ ಖಂಬ್ ಮಸೀದಿಯ ಮುಂದೆಯೂ ಒಂದೊಂದು ಚಿತ್ರ ತೆಗೆಸಿಕೊಂಡು, ಮಹಮೂದ್ ಗಾವಾನನ ಮದರಸಾವನ್ನು ಕಾರಿನ ಕಿಟಕಿಯಿಂದಲೇ ಕಂಡು, ಊಟದ ಹೊತ್ತಿಗೆ ಗುರುನಾನಕ ಝೀರಾ ಸೇರಿ, ದೀಪ ಹಚ್ಚುವ ವೇಳೆಗೆ ಮನೆ ಮುಟ್ಟಿದರು. "ಎಲ್ಲ ಚೆನ್ನಾಗಿದೆ, ಆದರೆ ಬರಿಯ ಪಾಳು" ಎಂಬುದು ಅವರ ತೀರ್ಪು. ಅದೇ ಬಂಧುಗಳು ಮರುವರ್ಷ ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಹೋಗಿ, ಬೆನ್ನಿಗೆ ಚೀಲ ಬಿಗಿದು, ನಾಲ್ಕು ದಿನ ಬೆಟ್ಟ ಹತ್ತಿ ಇಳಿದು, ಮಾಚು ಪಿಚುವಿನ ಪಾಳುಗಳನ್ನು ಕಂಡು ಬಂದರು. ಅಲ್ಲಿಂದ ಮರಳಿದವರ ಮಾತಿನ ಧಾಟಿಯೇ ಬೇರೆಯಾಗಿತ್ತು. ಅಲ್ಲಿಯ ಕಲ್ಲುಗಳಿಗೆ ಪ್ರಾಣವಿದೆಯೆಂದರು. ಇಂಕಾ ಜನರ ಸುಖದುಃಖಗಳು ತಮಗೆ ತಿಳಿದುವೆಂದರು. ಬೀದರಿನ ಕಲ್ಲಿಗೆ ಇಲ್ಲದ ಪ್ರಾಣ ಪೆರುವಿನ ಕಲ್ಲಿಗೆ ಎಲ್ಲಿಂದ ಬಂತು ಎಂದು ನಾನು ಆಗಿನಿಂದ ಯೋಚಿಸುತ್ತಿದ್ದೇನೆ.

ಅಂತರ ಕಲ್ಲಿನಲ್ಲಿಲ್ಲ, ಕಾಲಿನಲ್ಲಿದೆ ಎಂದು ನನಗೆ ತೋರುತ್ತದೆ. ಆ ಇಂಕಾ ದಾರಿ ಸುಮಾರು 43 ಕಿಲೋಮೀಟರು. ಅದರ ಅತಿ ಎತ್ತರದ ಕಣಿವೆದಾರಿ ಸುಮಾರು 13,800 ಅಡಿಗಳ ಮೇಲಿದೆ. ಅಲ್ಲಿ ಯಾರೂ ತಮ್ಮಷ್ಟಕ್ಕೆ ತಾವು ನಡೆಯುವಂತಿಲ್ಲ. ಅನುಮತಿ ಪಡೆದ ಮಾರ್ಗದರ್ಶಿ ಜೊತೆಗಿರಲೇಬೇಕು. ದಿನಕ್ಕೆ ಐನೂರು ಜನರನ್ನು ಮೀರಿ ಒಳಗೆ ಬಿಡುವುದಿಲ್ಲ. ಆ ಐನೂರರಲ್ಲಿ ಹೊರೆಯಾಳುಗಳೂ ಮಾರ್ಗದರ್ಶಿಗಳೂ ಸೇರಿಯೇ ಲೆಕ್ಕ. ವರ್ಷಕ್ಕೊಂದು ಸಲ ಫೆಬ್ರವರಿಯಲ್ಲಿ ದಾರಿಯನ್ನೇ ಮುಚ್ಚಿ ದುರಸ್ತಿ ಮಾಡುತ್ತಾರೆ. ಕಟ್ಟುನಿಟ್ಟು ಹೆಚ್ಚಾಯಿತೆಂದು ಗೊಣಗುವವರಿದ್ದಾರೆ. ಆದರೆ ನಡೆಯುವವನು ನಾಲ್ಕು ದಿನವೂ ಆ ನೆಲದವನೊಬ್ಬನ ಮಾತನ್ನು ಕೇಳುತ್ತ ನಡೆಯುತ್ತಾನೆ ಎಂಬುದು ಮುಖ್ಯ. ಪಾಳು ಕಣ್ಣಿಗೆ ಬೀಳುವ ಮೊದಲೇ ಅದರ ಮಳೆ, ಮಣ್ಣು, ಬೆಳೆ, ದೇವರು ಎಲ್ಲವೂ ಅವನ ಮೈಗೆ ಹತ್ತಿರುತ್ತವೆ.

ಮಾಚು ಪಿಚುವಿನ ಕಥೆಯಲ್ಲೇ ಇನ್ನೊಂದು ಸಂಗತಿಯುಂಟು. 1911ರ ಜುಲೈ 24ರಂದು ಅದನ್ನು ಕಂಡು ಲೋಕಕ್ಕೆ ಸಾರಿದವನು ಹೈರಮ್ ಬಿಂಗಮ್ ಎಂಬ ಅಮೆರಿಕದ ಅಧ್ಯಾಪಕ. ಅವನಿಗೆ ಬೆಟ್ಟದ ದಾರಿ ತೋರಿದವನು ಮೆಲ್ಚೋರ್ ಆರ್ತೇಗ ಎಂಬ ಅಲ್ಲಿಯ ಒಕ್ಕಲಿಗ. ಅದಕ್ಕೆ ಪಡೆದದ್ದು ಒಂದು ಬೆಳ್ಳಿಯ ನಾಣ್ಯ. ಮೇಲೇರಿದ ಮೇಲೆ ಪಾಳುಗಳ ನಡುವೆ ಕೈಹಿಡಿದು ನಡೆಸಿದವನು ಅಲ್ಲೇ ಬೇಸಾಯ ಮಾಡಿಕೊಂಡಿದ್ದ ಮನೆಯವರ ಒಬ್ಬ ಹುಡುಗ. 'ಕಳೆದುಹೋದ ನಗರ'ದ ಮೆಟ್ಟಿಲುಗದ್ದೆಗಳಲ್ಲಿ ಆಗಲೂ ಬೆಳೆ ಬೆಳೆಯುತ್ತಿತ್ತು! ಗೋಡೆಯೊಂದರ ಮೇಲೆ 1902ರಲ್ಲೇ ಅಲ್ಲಿಗೆ ಬಂದಿದ್ದ ಲಿಜಾರಾಗ ಎಂಬ ಸ್ಥಳೀಯನ ಹೆಸರೂ ಇತ್ತು. ಗ್ರಂಥಗಳಲ್ಲಿ ದೊಡ್ಡದಾಗಿ ಉಳಿದದ್ದು ಬಿಂಗಮ್ಮನ ಹೆಸರು. ಪಾಳುಗಳ ಚರಿತ್ರೆಯಲ್ಲಿ ದಾರಿ ತೋರಿದವನ ಗತಿ ಬಹುಮಟ್ಟಿಗೆ ಹೀಗೆಯೇ.

ಪೆರು ದೇಶದ ಮಾತು ಹಾಗಿರಲಿ. "ಬೀದರಿನಲ್ಲಿ ಬೆಟ್ಟವೆಲ್ಲಿದೆ?" ಎಂದು ವಾಚಕರು ಕೇಳಬಹುದು. ನಿಜ, ಹಿಮ ಮುಚ್ಚಿದ ಶಿಖರಗಳು ಇಲ್ಲಿಲ್ಲ. ಇರುವುದು ಕೆಂಪು ಮುರಕಲ್ಲಿನ ಒಂದು ವಿಶಾಲ ಪ್ರಸ್ಥಭೂಮಿ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರ. ಊರು ಅದರ ಅಂಚಿನಲ್ಲಿ ಕುಳಿತಿದೆ. ಗುಲ್ಬರ್ಗದಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಬಹಮನಿ ಸುಲ್ತಾನ ಒಂದನೆಯ ಅಹಮದ್ ಷಾ ಆ ಅಂಚನ್ನೇ ಕೋಟೆಯಾಗಿ ಬಳಸಿಕೊಂಡ. ಅಂಚು ಇಲ್ಲದ ಕಡೆ ಮುರಕಲ್ಲನ್ನು ಕೊರೆದು ಮೂರು ಸಾಲಿನ ಕಂದಕ ತೋಡಿಸಿದ. ಅಂಚಿನಲ್ಲಿ ನಿಂತು ನೋಡಿದರೆ ಕೆಳಗಿನ ಬಯಲು ಬೇರೊಂದು ಲೋಕದಂತೆ ಹರಡಿಕೊಂಡಿರುತ್ತದೆ. ಎತ್ತರವೆಂಬುದು ಅಡಿಗಳ ಲೆಕ್ಕ ಮಾತ್ರವಲ್ಲವೆಂದು ಅಲ್ಲಿ ತಿಳಿಯುತ್ತದೆ.

ಅದೂ ಅಲ್ಲದೆ, ಹಲವು ದಿನಗಳ ಕಾಲ ಒಬ್ಬ ಹಿರಿಯನ ಹಿಂದೆ ನಡೆದು ಪ್ರಾಚೀನ ಕಟ್ಟಡಗಳ ಬಳಿಗೆ ಹೋಗುವ ಪದ್ಧತಿಯನ್ನು ನಾವು ಪೆರುವಿನಿಂದ ಕಲಿಯಬೇಕಾಗಿಲ್ಲ. ಅದು ಬೀದರಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ಮಾಡಿಯಾಳ ಎಂಬ ಗ್ರಾಮವಿದೆ. ಅಲ್ಲಿಯ ಜಂಗಮರೊಬ್ಬರು ಪ್ರತಿವರ್ಷ ಬೇಸಿಗೆಯ ಮೊದಲಲ್ಲಿ ತಮ್ಮ ಭಕ್ತರ ತಂಡವನ್ನು ಕೂಡಿಕೊಂಡು, ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಹಿಡಿದು, ಬೀದರಿನ ಪೂರ್ವಕ್ಕಿರುವ ಅಷ್ಟೂರಿಗೆ ಬರುತ್ತಾರೆ. ಬರುವುದು ಯಾವ ಶಿವಾಲಯಕ್ಕೂ ಅಲ್ಲ. 1436ರಲ್ಲಿ ತೀರಿಕೊಂಡ ಅದೇ ಅಹಮದ್ ಷಾನ ಗೋರಿಗೆ, ಅವನ ಉರುಸಿಗೆ. ಶಂಖ ಊದುತ್ತಾರೆ, ಹೂವೇರಿಸುತ್ತಾರೆ, ಕಾಯಿ ಒಡೆಯುತ್ತಾರೆ. ಉರುಸು ನಡೆಯುವುದು ಕೂಡ ಹಿಜರಿ ತಿಂಗಳ ಲೆಕ್ಕದಲ್ಲಲ್ಲ, ಈ ನಾಡಿನ ಪಂಚಾಂಗದ ಲೆಕ್ಕದಲ್ಲಿ. ಹೈದರಾಬಾದ್ ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯನ್ನು ನಡೆಸಿದ ಗುಲಾಂ ಯಜ್ದಾನಿ ಅವರು ಬೀದರಿನ ಸ್ಮಾರಕಗಳನ್ನು ಕುರಿತು 1947ರಲ್ಲಿ ಪ್ರಕಟವಾದ ತಮ್ಮ ಹೆಗ್ಗ್ರಂಥದಲ್ಲಿ ಈ ಜಂಗಮರ ಬರವನ್ನು ಬರೆದಿಟ್ಟಿದ್ದಾರೆ.

ಲಿಂಗಾಯತ ಭಕ್ತರ ಪಾಲಿಗೆ ಆ ಗೋರಿಯೊಳಗಿರುವವನು ಅಲ್ಲಮಪ್ರಭು. ಮುಸಲ್ಮಾನರ ಪಾಲಿಗೆ ವಲಿ, ಅಂದರೆ ಸಂತ. ಅಲ್ಲಮ ಹನ್ನೆರಡನೆಯ ಶತಮಾನದವನು, ಸುಲ್ತಾನ ಹದಿನೈದನೆಯದವನು. ಚರಿತ್ರೆಯ ಪರೀಕ್ಷೆಯಲ್ಲಿ ಹೀಗೆ ಬರೆದ ವಿದ್ಯಾರ್ಥಿಗೆ ಸೊನ್ನೆ ಬೀಳುವುದು ಖಂಡಿತ. ಆದರೆ ಆರು ಶತಮಾನಗಳ ಹಿಂದಿನ ಒಬ್ಬ ಅರಸನ ಸಮಾಧಿಗೆ ಇಂದಿಗೂ ಜನ ನಡೆದು ಬರುತ್ತಿದ್ದಾರೆಂಬ ಸಂಗತಿ ಚರಿತ್ರೆಯಲ್ಲವೇ? ಅಷ್ಟೂರಿನಲ್ಲಿ ಬಹಮನಿ ದೊರೆಗಳ ಗೋರಿಗಳು ಸಾಲಾಗಿ ನಿಂತಿವೆ. ಕ್ರೂರಿಯೆಂದು ಹೆಸರಾದ ಹುಮಾಯೂನನ ಗುಮ್ಮಟ 1882ರಲ್ಲಿ ಸಿಡಿಲಿಗೆ ಸಿಕ್ಕಿ ಸೀಳಿ, ಕೊಯ್ದ ಹಣ್ಣಿನಂತೆ ಒಳಗನ್ನು ತೋರುತ್ತಿದೆ. ಅವನ ಬಳಿಗೆ ಯಾರೂ ಶಂಖ ಊದಿಕೊಂಡು ಬರುವುದಿಲ್ಲ. ಎಲ್ಲರೂ ಸುಲ್ತಾನರೇ. ಜನ ನಡೆದು ಬಂದದ್ದು ಒಬ್ಬನ ಬಳಿಗೆ ಮಾತ್ರ.

ಆ ಗೋರಿಯ ಒಳಗೆ ಹೋದವರಿಗೆ ಮೊದಲು ಏನೂ ಕಾಣುವುದಿಲ್ಲ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಕತ್ತಲೆಯೊಂದೇ. ನಾನು ಹೋದಾಗ ಅಲ್ಲಿ ಒಬ್ಬ ಮುದುಕರಿದ್ದರು. "ಇಲ್ಲಿ ನಿಂದ್ರಿ, ಈಗ ನೋಡ್ರಿ" ಎಂದು ನನ್ನನ್ನು ನಡುವೆ ನಿಲ್ಲಿಸಿ, ಬಾಗಿಲ ಬಳಿಗೆ ಹೋಗಿ, ಕೈಯಲ್ಲಿದ್ದ ಸಣ್ಣ ಕನ್ನಡಿಯೊಂದನ್ನು ಬಿಸಿಲಿಗೆ ಹಿಡಿದರು. ಬೆಳಕಿನ ಬಿಲ್ಲೆ ಗುಮ್ಮಟದೊಳಗೆ ಹತ್ತಿತು. ಚಿನ್ನ, ಕೆಂಪು, ನೀಲಿ ಬಣ್ಣಗಳ ಬಳ್ಳಿಗಳೂ ಅಕ್ಷರಗಳೂ ಒಂದೊಂದಾಗಿ ಎದ್ದು ಬಂದವು. ಬಿಲ್ಲೆಯನ್ನು ನಿಧಾನವಾಗಿ ಸರಿಸುತ್ತ ಅವರು ಇರಾನಿನ ಕಿರ್ಮಾನಿನ ಸಂತ ಷಾ ನಿಮತುಲ್ಲಾನ ಗುರುಪರಂಪರೆಯ ಹೆಸರುಗಳಿರುವ ಪಟ್ಟಿಯನ್ನು ತೋರಿಸಿದರು. ಸುಲ್ತಾನ ಆ ಸಂತನಿಗೆ ಹೇಳಿ ಕಳಿಸಿದ್ದು, ಸಂತ ತಾನು ಬಾರದೆ ಮೊಮ್ಮಗನನ್ನು ಕಳಿಸಿದ್ದು, ಆ ಮನೆತನದ ಖಲೀಲುಲ್ಲಾನ ಚೌಖಂಡಿ ನಾವು ಬಂದ ದಾರಿಯಲ್ಲೇ ಇರುವುದು, ಎಲ್ಲವನ್ನೂ ದಖನಿ ಬೆರೆತ ಕನ್ನಡದಲ್ಲಿ ಹೇಳಿದರು. ಆ ಕನ್ನಡಿ ಇಲ್ಲದಿದ್ದರೆ ನಾನೂ "ಬರಿಯ ಪಾಳು" ಎಂದು ಹೇಳಿ ಹೊರಗೆ ಬರುತ್ತಿದ್ದೆನೇನೋ.

ಆದುದರಿಂದ ನನ್ನ ಸೂಚನೆ ಇಷ್ಟು: ನಮ್ಮ ಕಾಲೇಜುಗಳೂ ಪ್ರೌಢಶಾಲೆಗಳೂ ಬೀದರ್, ಭಾಲ್ಕಿ, ಔರಾದಗಳನ್ನು ಕೂಡಿಸುವ ಐದಾರು ದಿನಗಳ ಕಾಲ್ನಡಿಗೆಯೊಂದನ್ನು ಏರ್ಪಡಿಸಬೇಕು, ಆ ನೆಲದವನೇ ಆದ ಮಾರ್ಗದರ್ಶಿಯ ಹಿಂದೆ ನಡೆಯಬೇಕು. ಈ ಜಿಲ್ಲೆಯ ಮಕ್ಕಳನ್ನೇ ವರ್ಷವರ್ಷವೂ ಬಸ್ಸಿನಲ್ಲಿ ತುಂಬಿ ಮೈಸೂರು, ಬೇಲೂರುಗಳಿಗೆ ಕರೆದೊಯ್ಯುತ್ತಾರೆ, ಒಳ್ಳೆಯದೇ. ಅಷ್ಟೂರನ್ನು ನೋಡದೆ ಬೇಲೂರನ್ನು ನೋಡಿದ ಬೀದರಿನ ಹುಡುಗನಿಗೆ ಚರಿತ್ರೆಯೆಂದರೆ ತನ್ನೂರಿನಿಂದ ಒಂದು ರಾತ್ರಿಯ ಪ್ರಯಾಣದಾಚೆ ಇರುವ ವಸ್ತುವೆಂದು ಮನಸ್ಸಿನಲ್ಲಿ ನಿಂತುಬಿಡುತ್ತದೆ.

ಮೊದಲೆರಡು ದಿನ ಬೀದರಿಗೇ ಬೇಕು. ಕೋಟೆಯಲ್ಲಿ ಮಹಲುಗಳಿಗಿಂತ ಮೊದಲು ಮಣ್ಣನ್ನು ತೋರಿಸಬೇಕೆಂದು ನನ್ನ ಮತ. ಸತುವಿನ ಎರಕದಲ್ಲಿ ಬೆಳ್ಳಿಯನ್ನು ಕೂರಿಸುವ ಬಿದ್ರಿ ಕೆಲಸದವರು ಕಡೆಯಲ್ಲಿ ಆ ಪಾತ್ರೆಗೆ ಕಪ್ಪು ಬಣ್ಣ ಬರಿಸುವುದು ಕೋಟೆಯ ಹಳೆಯ ಕಟ್ಟಡಗಳ ಮಣ್ಣಿನಿಂದ. ಬಿಸಿಲು ಮಳೆ ಬೀಳದ ಮೂಲೆಯ ಮಣ್ಣನ್ನು ನಾಲಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ನವಸಾಗರದೊಡನೆ ಕುದಿಸಿ ಪಾತ್ರೆಗೆ ತಿಕ್ಕುತ್ತಾರೆ. ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಸುಲ್ತಾನರು ಹೋದರು, ಅವರ ಗೋಡೆಯ ಮಣ್ಣು ಇಂದಿಗೂ ಕೆಲವು ಮನೆಗಳಿಗೆ ಅನ್ನ ಕೊಡುತ್ತಿದೆ. ಇದನ್ನು ತಿಳಿದ ಮೇಲೆ 'ಪಾಳು' ಎಂಬ ಮಾತನ್ನು ಬಳಸಲು ನಾಲಗೆ ಸ್ವಲ್ಪ ಹಿಂಜರಿಯುತ್ತದೆ.

ಅಲ್ಲಿಂದ ಮದರಸಾ. 1472ರಲ್ಲಿ ಗಾವಾನ್ ಕಟ್ಟಿಸಿದ ಈ ವಿದ್ಯಾಲಯ 1696ರಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಸಿಕ್ಕಿ ಅರೆವಾಸಿ ಹಾಳಾಯಿತು. ಇದ್ದ ಮಿನಾರುಗಳಲ್ಲಿ ಒಂದು ಉಳಿದಿದೆ. ಅದರ ಮುಂಭಾಗದ ಬಣ್ಣದ ಹೆಂಚುಗಳನ್ನು ಎಲ್ಲರೂ ನೋಡುತ್ತಾರೆ. ಕಟ್ಟಿಸಿದವನ ಸಮಾಧಿಯನ್ನು ನೋಡುವವರು ಬಹಳ ಕಡಿಮೆ. ಇರಾನಿನ ಗಿಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಆತನ ಮುದ್ರೆಯನ್ನು ಕದ್ದು ಹಾಕಿ, ವೈರಿಗೆ ಬರೆದಂತೆ ಸುಳ್ಳು ಪತ್ರ ಹುಟ್ಟಿಸಿ, ದೊರೆಯ ಕಿವಿ ಊದಿ, 1481ರಲ್ಲಿ ಅವನ ತಲೆ ಹೊಡೆಸಿದರು. ಊರಾಚೆ ಗೋರನಳ್ಳಿಯಲ್ಲಿ ಅವನ ಗೋರಿ ಇದೆ. ಮೇಲೆ ಗುಮ್ಮಟವಿಲ್ಲ, ಚಿನ್ನದ ಬಳ್ಳಿಗಳಿಲ್ಲ. ಮದರಸಾದಿಂದ ಗೋರನಳ್ಳಿಗೆ ಕಾಲ್ನಡಿಗೆಯಲ್ಲಿ ಹೋದರೆ ಆ ಮನುಷ್ಯನ ಬಾಳಿನ ಅಳತೆ ಸಿಗುತ್ತದೆ. ಕಾರಿನಲ್ಲಿ ಹೋದರೆ ಅದೊಂದು ತಿರುವು, ಅಷ್ಟೆ.

ನೌಬಾದಿನ ಕರೇಜ್ ಕೂಡ ನಡೆಯುವವರಿಗಾಗಿಯೇ ಇರುವಂಥದು. ಮುರಕಲ್ಲಿನ ಅಡಿಯಲ್ಲಿ ಸುರಂಗ ಕೊರೆದು, ನೆಲದೊಳಗಿನ ನೀರನ್ನು ಇಳಿಜಾರಿನ ಬಲದಿಂದಲೇ ಮೈಲುಗಟ್ಟಲೆ ಹರಿಸಿ ತರುವ ಇರಾನೀ ವಿದ್ಯೆ ಇದು. ಮೇಲಿನಿಂದ ಕಾಣುವುದು ಅಲ್ಲೊಂದು ಇಲ್ಲೊಂದು ಬಾವಿಯಂಥ ಬಾಯಿ ಮಾತ್ರ. ಒಂದರಿಂದ ಇನ್ನೊಂದಕ್ಕೆ ನಡೆದರೇ ನೆಲದ ಕೆಳಗೊಂದು ಹೊಳೆಯಿದೆಯೆಂಬುದು ಅರ್ಥವಾಗುವುದು. ನಿವೇಶನ ಬೆಳೆದಂತೆ ಇಂಥ ಬಾಯಿಗಳು ಕಸಕ್ಕೂ ಕಲ್ಲುಮಣ್ಣಿಗೂ ಗುರಿಯಾಗುತ್ತವೆ. ಅವುಗಳ ಸಾಲನ್ನು ಕಾಲಿನಿಂದ ಅಳೆದ ಹುಡುಗರು ಊರಿನಲ್ಲಿ ನೂರು ಜನರಿದ್ದರೆ, ಒಂದು ಬಾಯಿಯನ್ನು ಮುಚ್ಚಲು ಹೊರಟವನನ್ನು ಕೇಳುವವರು ಇರುತ್ತಾರೆ. ಒಬ್ಬರೂ ನಡೆಯದ ಊರಿನಲ್ಲಿ ಅದು ಹಾಳು ಗುಂಡಿ.

ಮೂರನೆಯ ದಿನ ವಾಯವ್ಯಕ್ಕೆ ತಿರುಗಿದರೆ ಭಾಲ್ಕಿಯ ದಾರಿ. ಎರಡು ದಿನದ ನಡಿಗೆ. ಕೆಂಪು ನೆಲ ಮುಗಿದು ಕರಿಯ ಎರೆ ನೆಲ ಶುರುವಾಗುವ ಜಾಗವನ್ನು ವಿದ್ಯಾರ್ಥಿ ತನ್ನ ಅಂಗಾಲಿನಿಂದಲೇ ಕಂಡುಕೊಳ್ಳುತ್ತಾನೆ. ಮೇಲೆ ಮುರಕಲ್ಲು, ಅಡಿಯಲ್ಲಿ ದಖ್ಖನಿನ ಕಪ್ಪು ಶಿಲೆ ಎಂಬ ಭೂಗೋಳದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಅಧ್ಯಾಪಕನೂ ಹೇಳಲಾರ. ತೊಗರಿ, ಉದ್ದು, ಸೋಯಾ, ಕಬ್ಬು, ಜೋಳದ ಹೊಲಗಳು, ಕಾರಂಜಾದ ನೀರು. ಅದೃಷ್ಟವಿದ್ದರೆ ದೂರದ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡು.

ಭಾಲ್ಕಿಯಲ್ಲಿ ಕೋಟೆಯಿದೆ, ಭಾಲ್ಕೇಶ್ವರನ ಗುಡಿಯಿದೆ. ಆದರೆ ಅಲ್ಲಿ ನಾನು ಮೊದಲು ಕರೆದೊಯ್ಯುವುದು ಹಿರೇಮಠಕ್ಕೆ. ಪಾಳಲ್ಲದ್ದನ್ನು ಪಾಳುಗಳ ಯಾತ್ರೆಯಲ್ಲಿ ಏಕೆ ಸೇರಿಸುತ್ತೀರಿ ಎಂದು ಆಕ್ಷೇಪಿಸಬಹುದು. ನಿಜಾಮರ ಕಾಲದಲ್ಲಿ ಶಿಕ್ಷಣವೆಲ್ಲ ಉರ್ದುವಿನಲ್ಲಿದ್ದಾಗ, ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು ಇಲ್ಲಿಯ ಚನ್ನಬಸವ ಪಟ್ಟದೇವರು. ನೂರು ವರ್ಷ ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ಒಂದು ಭಾಷೆ ಪಾಳು ಬೀಳುವುದನ್ನು ತಡೆದ ಜಾಗವನ್ನು ನೋಡದೆ ಕಲ್ಲು ಪಾಳು ಬಿದ್ದ ಜಾಗಗಳನ್ನೇ ನೋಡುತ್ತ ಹೋದರೆ ನಡಿಗೆ ಅರ್ಧವಾಗುತ್ತದೆ. 1956ರಲ್ಲಿ ಈ ಜಿಲ್ಲೆ ಕನ್ನಡನಾಡಿಗೆ ಸೇರಿದ್ದರ ಹಿಂದೆ ಇಂಥ ಮನೆಯೊಳಗಿನ ಪಾಠಗಳೂ ಇವೆ.

ಮಾಂಜ್ರಾ ಹೊಳೆಯನ್ನು ದಾಟಿ ಉತ್ತರಕ್ಕೆ ಹೋದರೆ ಔರಾದ. "ಅಲ್ಲೇನಿದೆ ನೋಡಲು?" ಎಂದು ಬೀದರಿನವರೇ ನನ್ನನ್ನು ಕೇಳಿದ್ದಾರೆ. ಅಮರೇಶ್ವರನ ಗುಡಿಯಿದೆ. ಮಾತು ಮಾತಿಗೆ ಕನ್ನಡ ಮರಾಠಿಯಾಗುವ, ಮರಾಠಿ ಉರ್ದುವಾಗುವ ಸಂತೆಯಿದೆ. ಅದಕ್ಕಿಂತ ಹೆಚ್ಚಾಗಿ, 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ಒಂದಾದ ಅಲ್ಲಿ ಓದಿ ಕೆಲಸವಿಲ್ಲದ ತರುಣರಿದ್ದಾರೆ. ಹೈದರಾಬಾದಿಗೋ ಪುಣೆಗೋ ಹೋಗಿ ಕಾವಲುಗಾರರಾಗುವ ಇವರಲ್ಲಿ ಕೆಲವರಾದರೂ ತಮ್ಮ ನೆಲದ ಮಾರ್ಗದರ್ಶಿಗಳಾಗಬಾರದೇಕೆ? ಮೂರು ಭಾಷೆ ಅವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ವಿಶ್ವವಿದ್ಯಾಲಯದವರು ಆರು ತಿಂಗಳು ಶಾಸನ, ವಾಸ್ತು, ಚರಿತ್ರೆಗಳನ್ನು ಕಲಿಸಿದರೆ ಸಾಕು. ಕೂಲಿಯನ್ನು ಮಾತ್ರ ಮೊದಲೇ ಗೊತ್ತುಮಾಡಬೇಕು. ಆರ್ತೇಗನ ಬೆಳ್ಳಿಯ ನಾಣ್ಯದಂತೆ ಕೊಟ್ಟವನ ಮನಸ್ಸಿಗೆ ಬಿಡಬಾರದು.

ಮಾರ್ಗದರ್ಶಿಗಳು ಕಟ್ಟುಕಥೆ ಹೇಳುತ್ತಾರೆಂಬುದು ವಿದ್ವಾಂಸರ ದೊಡ್ಡ ದೂರು. ಬೀದರೇ ವಿದರ್ಭ, ನಳದಮಯಂತಿಯರು ಕೂಡಿದ್ದು ಇಲ್ಲೇ ಎನ್ನುತ್ತಾರೆ, ವಿದುರನ ಊರೆನ್ನುತ್ತಾರೆ, ಬಿದಿರಿನಿಂದ ಹೆಸರು ಬಂತೆನ್ನುತ್ತಾರೆ, ಬೇಟೆನಾಯಿಗಳ ಮೇಲೆ ತಿರುಗಿಬಿದ್ದ ನರಿಯನ್ನು ಕಂಡು ಸುಲ್ತಾನ ಊರು ಕಟ್ಟಿದನೆನ್ನುತ್ತಾರೆ. ವಿದರ್ಭ ಬೇರೆ, ಅದು ಬೇರಾರಿನ ಕಡೆಯದು ಎಂದು ತಿದ್ದಬೇಕು. ಆದರೆ ಕಥೆಯನ್ನು ಬಾಯಿಂದ ಕಿತ್ತುಹಾಕಬಾರದು. ಚರಿತ್ರೆ ಇದು, ಜನ ನಂಬುವುದು ಇದು ಎಂದು ಎರಡನ್ನೂ ಬೇರೆ ಬೇರೆ ಮಾಡಿ ಹೇಳಬಲ್ಲವನೇ ಒಳ್ಳೆಯ ಮಾರ್ಗದರ್ಶಿ. ಪುಸ್ತಕ ಬರೆದವರಲ್ಲೂ ಎಲ್ಲರೂ ಅಷ್ಟು ಪ್ರಾಮಾಣಿಕರಲ್ಲ.

ನಡೆದು ಬಂದವನ ಕಣ್ಣು ಏನನ್ನು ಕಾಣುತ್ತದೆಂಬುದಕ್ಕೆ ಹಳೆಯ ಸಾಕ್ಷಿಯೊಬ್ಬನಿದ್ದಾನೆ. ರಷ್ಯದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದು, ಘಟ್ಟ ಹತ್ತಿ, ಜುನ್ನಾರದಲ್ಲಿ ಮಳೆಗಾಲ ಕಳೆದು ಬೀದರಿಗೆ ಬಂದ. ಮಾರಲೆಂದು ತಂದಿದ್ದ ಒಂದೇ ಒಂದು ಕುದುರೆಯನ್ನು ಜುನ್ನಾರದ ಅಧಿಕಾರಿ ಕಸಿದುಕೊಂಡು, ಮತ ಬದಲಿಸಿದರೆ ಕೊಡುವೆನೆಂದು ಹೆದರಿಸಿದ್ದ. ಪುಣ್ಯಾತ್ಮನೊಬ್ಬನ ಮಾತಿನಿಂದ ಅದು ಮರಳಿ ಸಿಕ್ಕಿತು. ಗಾವಾನನ ವೈಭವದ ಕಾಲ ಅದು. ನಿಕಿತಿನ್ ಆ ವೈಭವವನ್ನೂ ಬರೆದ. ಜೊತೆಗೆ ಸರದಾರರು ಸಿರಿಯಲ್ಲಿ ತೇಲುತ್ತಿದ್ದಾರೆ, ಹಳ್ಳಿಯ ಜನ ಕಡುಬಡವರು ಎಂಬರ್ಥದ ಮಾತನ್ನೂ ಬರೆದ. ಆಸ್ಥಾನದ ಇತಿಹಾಸಕಾರರು ಕಾಣದ ಹಳ್ಳಿ ಅವನಿಗೆ ಕಂಡದ್ದು ಅವನು ಹಳ್ಳಿಗಳ ನಡುವೆ ಹಾದು ಬಂದುದರಿಂದ.

ಆಕ್ಷೇಪಗಳಿಲ್ಲವೆಂದಲ್ಲ. ಏಪ್ರಿಲ್, ಮೇ ತಿಂಗಳ ಬೀದರಿನ ಬಿಸಿಲಿನಲ್ಲಿ ಮಕ್ಕಳನ್ನು ನಡೆಸುವುದು ಅಪರಾಧವೇ ಸರಿ. ನಡಿಗೆಗೆ ಮಾರ್ಗಶಿರ, ಪುಷ್ಯಗಳೇ ತಕ್ಕ ಕಾಲ. ಹೆಣ್ಣುಮಕ್ಕಳಿಗೆ ರಾತ್ರಿಯ ಬಿಡಾರವೂ ಶೌಚಕ್ಕೆ ಮರೆಯೂ ಬೇಕು. ದಾರಿಯ ಶಾಲೆಗಳೂ ಮಠಗಳೂ ಇದಕ್ಕೆ ಒದಗಬಹುದು, ಆದರೆ ಮೊದಲೇ ಕೇಳಿ ಏರ್ಪಡಿಸಬೇಕು. ಹೋದಮೇಲೆ ನೋಡೋಣವೆಂದರೆ ತಂದೆತಾಯಿಗಳು ಒಪ್ಪರು, ಒಪ್ಪಲೂ ಬಾರದು. ಇನ್ನು ನನ್ನನ್ನು ನಿಜವಾಗಿ ಕಾಡುವ ಅಂಜಿಕೆ ಬೇರೆ. ಜನ ಬರತೊಡಗಿದರೆ ಹಿಂದೆಯೇ ವ್ಯಾಪಾರವೂ ಬರುತ್ತದೆ. ಅಷ್ಟೂರಿನ ಮುದುಕರ ಕನ್ನಡಿಯ ಜಾಗದಲ್ಲಿ ಒಂದು ದಿನ ಬಣ್ಣದ ವಿದ್ಯುದ್ದೀಪಗಳೂ ಧ್ವನಿವರ್ಧಕವೂ ಬಂದು ಕುಳಿತರೆ ಆ ಪಾಪದಲ್ಲಿ ಈ ಲೇಖನಕ್ಕೂ ಪಾಲಿದೆ. ಪೆರುವಿನವರು ದಿನಕ್ಕಿಷ್ಟೇ ಜನವೆಂದು ಗೆರೆ ಎಳೆದದ್ದು ಈ ಅಂಜಿಕೆಯಿಂದಲೇ. ನಾವೂ ತಂಡಕ್ಕೆ ಇಪ್ಪತ್ತೈದು ಜನವನ್ನು ಮೀರಬಾರದೆಂದು ಮೊದಲ ದಿನವೇ ನಿಶ್ಚಯಿಸುವುದು ಒಳ್ಳೆಯದು.

ಇದಕ್ಕೆಲ್ಲ ಸರ್ಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ಐದಾರು ದಿನ ಕಷ್ಟವೆನಿಸಿದ ಅಧ್ಯಾಪಕರು ಒಂದು ಭಾನುವಾರ ಮದರಸಾದ ಬಾಗಿಲಿನಿಂದ ಹೊರಟು ಗೋರನಳ್ಳಿಯ ತನಕ ತಮ್ಮ ತರಗತಿಯನ್ನು ನಡೆಸಿಕೊಂಡು ಹೋಗಲಿ. ಬೆಳಗಿನ ಚಳಿಯಲ್ಲಿ ಹೊರಟರೆ ಬಿಸಿಲೇರುವ ಮೊದಲೇ ತಲುಪಬಹುದು. ದಾರಿ ತಿಳಿಯದಿದ್ದರೆ ಹಳ್ಳಿಯ ಹುಡುಗರನ್ನು ಕೇಳಿದರಾಯಿತು.